ಹೊಸ ದೊಡ್ಡಕ್ಕ ಬರುವ ಮಧ್ಯಾಹ್ನ

ಕುಂಬಳಕಾಯಿ ಕಳ್ಳ ಅಂದರೆ ತೊಟ್ಟಿಲು ಮುಟ್ಟಿ ನೋಡಿಕೊಂಡಳಂತೆ — ಗಾದೆ ಹೀಗಲ್ಲ, ಗೊತ್ತು, ಆದರೆ ನಡೆದದ್ದು ಹೀಗೇ, ಒಂದಕ್ಷರ ಸುಳ್ಳಿಲ್ಲ — ಗಾಜಿನ ಬಾಗಿಲಾಚೆ ಯಾರೋ ಕಿಸಕ್ಕೆಂದರು, ಕೂಸಿನ ಬೆನ್ನು ತಟ್ಟುತ್ತಿದ್ದ ದೊಡ್ಡಕ್ಕನ ಕೈ ತಟ್ಟನೆ ನಿಂತಿತು, ಯಾರದು, ಮಲಗುವ ಹೊತ್ತಿನಲ್ಲಿ ನಗು, ಈ ಶಿಶುವಿಹಾರದಲ್ಲಿ ಊಟವಾದ ಮೇಲೆ ಚಪ್ಪಲಿಗೂ ಬಾಯಿಲ್ಲ, ಅದು ಇಲ್ಲಿಯ ಹಿರಿಯಳಾಗಿ ಅವಳೇ ಮಾಡಿದ ಕಾನೂನು, ಆ ಚೂಟಿಯೇ ಇರಬೇಕು, ಹೊಸ ಟೀಚರು, ಈಗ ನೋಡಿದರೆ ತಲೆ ಬಗ್ಗಿಸಿ ಹಾಲಿನ ಬಾಟಲಿ ತೊಳೆಯುತ್ತಿದ್ದಾಳೆ, ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕು, ಬೆಕ್ಕಿಗೆ ಡಿಗ್ರಿ ಬೇರೆ ಇದೆ, ಪದವಿ ಇದ್ದವಳಿಗೇ ಪದವಿ, ಇನ್ನೇನು, ದೊಡ್ಡಕ್ಕನಿಗೆ ಏನಿದೆ, ಬೆನ್ನುನೋವಿದೆ. ಇವತ್ತು ಸಮಿತಿಯ ಅಧ್ಯಕ್ಷರು ಬರುತ್ತಾರೆ, ಏಕೆ ಬರುತ್ತಾರೆ, ಯಾರೂ ಬಾಯಿ ಬಿಡುವುದಿಲ್ಲ, ಬಿಡಬೇಕಾಗಿಯೂ ಇಲ್ಲ, ಅವಳನ್ನು ಕೂಸುಗಳಿಂದ ಎಬ್ಬಿಸಿ ಉಗ್ರಾಣದಲ್ಲಿ ಕೂರಿಸುತ್ತಾರೆ, ಸೋಪು ಎಣಿಸು, ಒರೆಸುವ ಬಟ್ಟೆ ಮಡಿಸು, ಕೂಸಿನ ಮುಖ ನೋಡಬೇಕಾದರೆ ಕಿಟಕಿಯಿಂದ ನೋಡು.

ಊಹೆಯಲ್ಲ ಇದು, ಕಿವಿಯಾರೆ ಕೇಳಿದ್ದು. ಇಲ್ಲಿನ ಪದ್ಧತಿಯೇ ಹಾಗೆ, ದೊಡ್ಡವರಿಗೆ ಹೇಳಬೇಕಾದ್ದನ್ನು ದೊಡ್ಡವರಿಗೆ ಹೇಳುವುದಿಲ್ಲ, ಕೂಸನ್ನೆತ್ತಿಕೊಂಡು ಕೂಸಿಗೆ ಹೇಳುತ್ತಾರೆ, ನೋಡು ಕಂದಾ, ಯಾರೋ ನಲ್ಲಿ ತಿರುಗಿಸಿಟ್ಟು ಮರ್ತೇಬಿಟ್ಟಿದಾರೆ, ಅಷ್ಟಂದರೆ ಸಾಕು, ಮರೆತವರು ಓಡಿಹೋಗಿ ನಲ್ಲಿ ನಿಲ್ಲಿಸುತ್ತಾರೆ, ಜಗಳವಿಲ್ಲ, ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಮುಖಕ್ಕೆ ಹೇಳಿದ ಮಾತಿನಲ್ಲಿ ನೀರು ಬೆರೆತಿರುತ್ತದೆ, ಕೂಸಿಗೆ ಹೇಳಿದ್ದು ಗಟ್ಟಿ ಹಾಲು, ಇದು ದೊಡ್ಡಕ್ಕನ ಸಿದ್ಧಾಂತ. ಮೊನ್ನೆ ಆಯಾ ಬಟ್ಟೆ ಬದಲಾಯಿಸುತ್ತ ಕೂಸಿಗೆ ಅಂದಳಲ್ಲ, ಅಳಬೇಡ ಬಂಗಾರಿ, ಹೊಸ ದೊಡ್ಡಕ್ಕ ಬರ್ತಾರೆ, ನಿನ್ನನ್ನ ಎತ್ಕೋತಾರೆ, ಮೆತ್ತಗೆ ಅಂದಳು, ಆದರೆ ಗೋಡೆಯಾಚೆ ಕೇಳುವಷ್ಟು ಮೆತ್ತಗೆ. ಆಮೇಲೆ ಚೂಟಿ, ಹಲ್ಲು ಬರುತ್ತಿದ್ದ ಕೂಸಿನ ಹತ್ತಿರ, ಹೊಸ ದೊಡ್ಡಕ್ಕ ತುಂಬ ಸ್ಟ್ರಿಕ್ಟು ಗೊತ್ತಾ ಪುಟ್ಟಾ, ಹಳಬರೇ ವಾಸಿ ಅನ್ನಿಸ್ಬಿಡುತ್ತೆ — ಹಳಬರೇ ವಾಸಿಯಂತೆ, ತಿಥಿ ನಿಕ್ಕಿ ಮಾಡಿಕೊಂಡು ಆರೋಗ್ಯ ವಿಚಾರಿಸುವ ಜಾತಿ.

ಮನೆಯಲ್ಲಿ ಹೇಳಿದರೆ ಯಜಮಾನರು ತಲೆಯನ್ನೇ ಎತ್ತಲಿಲ್ಲ, ಜೀವಮಾನವೆಲ್ಲ ಗಡಿಯಾರ ರಿಪೇರಿ ಮಾಡಿದವರು, ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೇ ಕೂತಿರುತ್ತಾರೆ, ಒಂದ್ಸಲ ನೇರವಾಗಿ ಕೇಳ್ಬಿಡೇ, ಬಾಯಿ ಸವೆಯುತ್ತಾ. ಕೇಳಿದ್ರೆ ಸುಳ್ಳು ಹೇಳ್ತಾರೆ ಅಂದಳು. ಕೇಳದಿದ್ರೆ ಆ ಸುಳ್ಳನ್ನ ನೀನೇ ಹೇಳ್ಕೋತೀಯಲ್ಲ, ಅವರಿಗೆ ಕೆಲಸ ಉಳೀತು, ಅಂದರು. ಅವರಿಗೇನು, ಮುಳ್ಳು ನಿಂತರೆ ಗಡಿಯಾರ ಬಿಚ್ಚಿ ನೋಡುತ್ತಾರೆ, ಮನುಷ್ಯರನ್ನು ಎಲ್ಲಿಂದ ಬಿಚ್ಚುವುದು.

ಅಧ್ಯಕ್ಷರು ಬಂದರು — ಬೂಟು ಹೊರಗೇ ಬಿಟ್ಟು, ಕಾಲುಚೀಲದ ಹೆಬ್ಬೆರಳು ಇಣುಕುತ್ತ, ಅಷ್ಟು ದೊಡ್ಡ ಶರೀರ ತುದಿಗಾಲಲ್ಲಿ, ಕಳ್ಳ ಹೆಜ್ಜೆ, ಮಲಗುವ ಹೊತ್ತಿಗೇ ಏಕೆ ಬಂದರು, ನಾನು ಬಾಯಿಮಾಡಬಾರದು ಅಂತಲೇ, ಎಂಥ ಉಪಾಯ, ನನ್ನ ಕಾನೂನಿನಿಂದಲೇ ನನ್ನ ಬಾಯಿಗೆ ಬೀಗ. ಕಂಕುಳಲ್ಲಿ ಚಪ್ಪಟೆ ಪೊಟ್ಟಣ. ಹೌದು, ಕೆಲಸದಿಂದ ತೆಗೆಯುವವರು ಬರಿಗೈಯಲ್ಲಿ ತೆಗೆಯುವುದಿಲ್ಲ, ಹಿಂದಿನ ಗುಮಾಸ್ತನಿಗೆ ಗಡಿಯಾರ ಕೊಟ್ಟರು, ಅಲ್ಲಿಗೆ ಅವನ ಗಳಿಗೆ ಮುಗಿಯಿತು. ದೊಡ್ಡ ಕುರ್ಚಿ ಎಲ್ಲಿಂದ ಬರಬೇಕು, ಮಕ್ಕಳ ಕುರ್ಚಿಯಲ್ಲೇ ಕುಕ್ಕರಿಸಿದರು, ಮಂಡಿ ಗಲ್ಲಕ್ಕೆ ಬಂತು. ನಾಯಕತ್ವ, ಅಂತ ಪಿಸುಗುಟ್ಟಿದರು, ನಿಷ್ಠೆ, ಅಂದರು, ಈ ಸಲ ನಮ್ಮ ಸಮಿತಿ ಏನು ತೀರ್ಮಾನ ಮಾಡಿದೆ ಅಂದ್ರೆ ದೊಡ್ಡಕ್ಕಾ — ಹೊಗಳಿಕೆ, ಕತ್ತಿಗೆ ಎಣ್ಣೆ ಸವರುವುದು ಹೀಗೇ, ಎಣ್ಣೆ ಸಾಕು ಸ್ವಾಮಿ, ಬೀಸಿಬಿಡಿ, ಅನ್ನಬೇಕೆನಿಸಿತು, ಮಡಿಲಲ್ಲಿ ಕೂಸು, ಅದರ ಬೆನ್ನು ತಟ್ಟಿದಳು. ಅಷ್ಟರಲ್ಲಿ ಚೂಟಿ ಬಾಗಿಲು ಸರಿಸಿದಳು, ಕಿವಿಯವರೆಗೆ ಹಲ್ಲು, ದೊಡ್ಡಕ್ಕಾ, ಹೊಸ ದೊಡ್ಡಕ್ಕ ಬಂದ್ರು.

ಯಾರೂ ಇಲ್ಲ. ಕಣ್ಣು ಇಳಿಸಿದರೆ ಇದ್ದಾಳೆ, ಗುಬ್ಬಿ, ಹಾಲುಹಲ್ಲಿನ ಗುಬ್ಬಿ, ಎಷ್ಟು ತಟ್ಟಿದರೂ ಮಧ್ಯಾಹ್ನ ಮಲಗದ ಏಕೈಕ ಪ್ರಾಣಿ, ಗಾಜಿಲ್ಲದ ಕನ್ನಡಕ, ಹೆಗಲಿಗೆ ಟವೆಲು, ನೆಲ ಗುಡಿಸುವಷ್ಟು ಉದ್ದದ ಏಪ್ರನ್ನು, ಕೈ ಬೆನ್ನ ಹಿಂದೆ, ಒಂದು ಭುಜ ಮುಂದೆ ಹಾಕಿ ಇಕ್ಕಟ್ಟಿನ ಬಾಗಿಲಲ್ಲಿ ನುಸುಳುವವಳ ಹಾಗೆ ಬಂದಳು, ನಡುವೆ ನಿಂತು ಗಕ್ಕನೆ ಹಿಂದೆ ತಿರುಗಿ ನೋಡಿದಳು, ಯಾರಾದರೂ ನಗುತ್ತಿದ್ದಾರೋ ಅಂತ. ಯಾರ ನಡಿಗೆ ಇದು, ಎಲ್ಲೋ ನೋಡಿದ್ದೇನೆ, ಯಾರೋ ಭಾರಿ ಅನುಮಾನದ ಹೆಂಗಸು — ಆಯಾ ತನ್ನ ಪಾದ ನೋಡಿಕೊಳ್ಳುತ್ತಿದ್ದಾಳೆ, ಚೂಟಿ ತುಟಿ ಕಚ್ಚಿದ್ದಾಳೆ — ಅಯ್ಯೋ, ಇದು ನಾನು. ಅಂದರೆ ಹೊಸಬಳು ಯಾರೂ ಇಲ್ಲ, ಇಷ್ಟು ದಿನ ಕೂಸುಗಳ ಕಿವಿಗೆ ಸುರಿದದ್ದೆಲ್ಲ ನನ್ನ ಕಿವಿಗೆ ಹೂವು, ನೇರವಾಗಿ ಹೇಳಿದ್ರೆ ನೀವು ನಂಬಲ್ವಲ್ಲ ದೊಡ್ಡಕ್ಕಾ, ಚೂಟಿ ಉಸಿರಲ್ಲೇ ಅಂದಳು, ಕೂಸಿಗೆ ಹೇಳಿದ್ರೆ ನಿಮಗೆ ವೇದವಾಕ್ಯ, ನಿಮಗೆ ಪ್ರಶಸ್ತಿ ಬಂದಿದೆ, ಕೊಡೋಕೆ ಅಧ್ಯಕ್ಷರು ಬರ್ತಾರೆ ಅಂದ್ರೆ ಯಾರಿಗೋ ಬಂದಿದ್ದನ್ನ ನನಗೆ ಯಾಕೆ ತಗಲಿಸ್ತೀರಿ ಅಂತಿದ್ರಿ. ಅಂತಿದ್ದಳು, ಹೌದು. ಈಗಲೂ ಅನ್ನಬಹುದು, ಪೊಟ್ಟಣ ಇನ್ನೂ ಬಿಚ್ಚಿಲ್ಲವಲ್ಲ.

ಆದರೆ ಗುಬ್ಬಿ ನಿಲ್ಲಲಿಲ್ಲ. ಸಾಲು ಹಾಸಿಗೆಗಳ ಹತ್ತಿರ ಹೋದಳು, ಬಗ್ಗಿದಳು, ಮಲಗಿದ್ದ ಒಂದು ಮಗುವಿನ ಮೂಗಿನ ಕೆಳಗೆ ತೋರುಬೆರಳು ಅಡ್ಡ ಹಿಡಿದಳು, ಕಾದಳು, ತಲೆಯಾಡಿಸಿದಳು, ಮುಂದಿನ ಹಾಸಿಗೆ, ಬೆರಳು, ಕಾದಳು. ಇದು ನಾವು ಹೇಳ್ಕೊಟ್ಟಿದ್ದಲ್ಲ, ಅಂದಳು ಚೂಟಿ, ಅವಳ ನಗು ಎಲ್ಲೋ ಹೋಗಿತ್ತು, ನಡಿಗೆ ಮಾತ್ರ ನಮ್ದು, ಇದೇನೋ ಗೊತ್ತಿಲ್ಲ. ಗೊತ್ತಿರುವುದು ಹೇಗೆ, ಯಾರಿಗೂ ಗೊತ್ತಿರಲಿಲ್ಲ, ಆಯಾ ಟೀಚರೆಲ್ಲ ಊಟಕ್ಕೆ ಹೋದ ಮೇಲೆ ಮಾತ್ರ ದೊಡ್ಡಕ್ಕ ಮಾಡುತ್ತಿದ್ದದ್ದು, ಹುಚ್ಚು ಅಂದಾರೆಂದು, ಜಗತ್ತಿನಲ್ಲಿ ಯಾರನ್ನೂ ನಂಬದವಳು ನಿದ್ದೆಯನ್ನು ನಂಬಿಯಾಳೇ, ಅಷ್ಟು ಸಣ್ಣ ಮೂಗು, ಅಷ್ಟು ಸಣ್ಣ ಗಾಳಿ, ಬೆರಳಿಗೆ ಬೆಚ್ಚಗೆ ತಾಗುವವರೆಗೆ ಅವಳದೇ ಉಸಿರು ನಿಂತಿರುತ್ತಿತ್ತು — ಮತ್ತೆ ಈ ಪುಟ್ಟ ಮೋಸಗಾತಿ ಅರೆಗಣ್ಣು ಮುಚ್ಚಿ ಮಲಗಿ ದಿನಾ ನೋಡುತ್ತಿದ್ದಳು, ದಿನಾ, ತನ್ನ ಮೂಗಿನ ಕೆಳಗೂ ಆ ಬೆರಳು ಬಂದು ನಿಂತದ್ದನ್ನು.

ಸಾಲು ಮುಗಿಯಿತು, ಉಳಿದವರು ಅಧ್ಯಕ್ಷರು. ಗುಬ್ಬಿ ಅವರ ಮೀಸೆಯ ಮೇಲೆ ಬೆರಳಿಟ್ಟಳು, ಕಾದಳು, ಆ ದೊಡ್ಡ ಮನುಷ್ಯ ಏನು ಮಾಡಬೇಕೆಂದು ತಿಳಿಯದೆ ಉಸಿರು ಬಿಗಿಹಿಡಿದು ಕೂತುಬಿಟ್ಟರು, ಗುಬ್ಬಿ ಇನ್ನಷ್ಟು ಕಾದು, ಹುಬ್ಬು ಗಂಟಿಕ್ಕಿ, ಇಡೀ ಕೋಣೆಗೆ ಕೇಳುವ ಹಾಗೆ ವರದಿ ಒಪ್ಪಿಸಿದಳು, ದೊಡ್ಡಕ್ಕಾ, ಈ ತಾತ ಉಸಿರಾಡ್ತಿಲ್ಲ.

ಮೊದಲು ಆಯಾ, ಆಮೇಲೆ ಚೂಟಿ, ಆಮೇಲೆ ತಾತನೇ ಬುಸ್ಸೆಂದು ನಕ್ಕರು, ಆದರೆ ಅವರೆಲ್ಲರ ತಲೆಯ ಮೇಲೆ ಹಾರಿಹೋದದ್ದು ದೊಡ್ಡಕ್ಕನ ನಗು, ಅಂಥದ್ದೊಂದು ಒಳಗಿತ್ತೆಂದು ಅವಳಿಗೇ ಗೊತ್ತಿರಲಿಲ್ಲ, ಹಾಸಿಗೆಗಳು ಒಂದೊಂದಾಗಿ ಎದ್ದು ಕೂತವು, ಒಂದು ಅತ್ತಿತು, ಒಂದು ಚಪ್ಪಾಳೆ ತಟ್ಟಿತು, ಪ್ರಶಸ್ತಿ ಸುಳ್ಳಿರಬಹುದು, ಸಮಿತಿ ನಾಳೆ ಮಾತು ಬದಲಿಸಬಹುದು, ಚೂಟಿಯನ್ನು ಇನ್ನೂ ನಂಬುವ ಹಾಗಿಲ್ಲ, ನಗುತ್ತಲೇ ಅಂದುಕೊಂಡಳು, ನಗು ನಿಲ್ಲಲಿಲ್ಲ, ಕಣ್ಣಲ್ಲಿ ನೀರು, ನಂಬುವ ಹಾಗಿಲ್ಲ, ಯಾರನ್ನೂ, ಆದರೆ ಆ ಬೆರಳು, ಯಾರೂ ಹೇಳಿಕೊಡದ ಆ ಬೆರಳು, ಮೂಗಿನ ಕೆಳಗೆ ಅಡ್ಡ ಹಿಡಿದು ಕಾಯುವ ಆ ಬೆರಳು —