ನಿದ್ದೆಯ ಹೊತ್ತಿಗೆ ಬಂದ ಸಾಹೇಬರು

2023ರ ಮಾರ್ಚ್ 14, ಮಂಗಳವಾರ, ಮಧ್ಯಾಹ್ನ 12 ಗಂಟೆ 40 ನಿಮಿಷ. ಶಿಶುಶಾಲೆಯ ಮಕ್ಕಳೆಲ್ಲ ಆಗಷ್ಟೇ ಕಣ್ಣು ಮುಚ್ಚಿದ್ದರು. ವೇತನ ಪರಿಶೀಲನೆಯ ಸಾಹೇಬರು ಬಾಗಿಲು ತಟ್ಟಿದ್ದೂ ಆಗಲೇ. ತುಂಟಿಯೊಬ್ಬಳು ಕಣ್ಣು ಬಿಟ್ಟಳು.

ಈ ಸದ್ದಿಗಾಗಿ ಟೀಚರ್ ಎರಡು ವರ್ಷ ಚಾತಕಪಕ್ಷಿಯಂತೆ ಕಾದಿದ್ದಳು. ಸಾಹೇಬರು ಇವತ್ತು ಹೂಂ ಎಂದರೆ ದರ್ಜೆ ಏರುತ್ತದೆ, ಜೊತೆಗೆ ಸಂಬಳ. ಇಲ್ಲವಾದರೆ ನಾಳೆಯಿಂದ ಅಕ್ಕ ಕೆಲಸ ಮಾಡುವ ಚಪ್ಪಲಿ ಅಂಗಡಿ. ಅಲ್ಲಿ ಡಬ್ಬಿ ಎತ್ತಿಡುವವರಿಗೂ ಇವಳಿಗಿಂತ ಹೆಚ್ಚು ಸಿಗುತ್ತಿತ್ತು. ಚಪ್ಪಲಿ ಅಳುವುದಿಲ್ಲ, ಕಚ್ಚಿದರೂ ಗಿರಾಕಿಯನ್ನೇ ಕಚ್ಚುತ್ತದೆ ಎಂದು ಅಕ್ಕ ಆಸೆ ಹುಟ್ಟಿಸಿದ್ದಳು.

ದೊಡ್ಡವರ ಕುರ್ಚಿ ಅಲ್ಲಿರಲಿಲ್ಲ. ಸಾಹೇಬರು ಚಾಪೆಯ ಮೇಲೆ, ತುಂಟಿಯ ಆಚೆ ಬದಿಗೆ, ಗೋಡೆಗೊರಗಿ ಕೂತರು; ಈಚೆ ಬದಿಗೆ ಟೀಚರ್. ಮಕ್ಕಳು ಏಳಬಾರದೆಂದು ಮಾತೆಲ್ಲ ಪಿಸುದನಿಯಲ್ಲೇ. ನಿಮ್ಮ ವೃತ್ತಿ ಸಮಾಜದ ಅಡಿಪಾಯ ಎಂದರು. ಅಡಿಪಾಯವನ್ನು ಮಣ್ಣಿನಲ್ಲಿ ಹೂತೇ ಇಡುತ್ತಾರೆಂದು ಅವಳಿಗೂ ಗೊತ್ತಿತ್ತು. ಏಳಿಗೆಗೆ ಐದು ಮೆಟ್ಟಿಲು ಮಾಡಿದ್ದೇವೆ ಎಂದರು.

"ಸಂಬಳ ಎಷ್ಟನೇ ಮೆಟ್ಟಿಲಲ್ಲಿದೆ ಸರ್?"

"ಅಲ್ಲಿಗೇ ಬರ್ತಿದ್ದೀನಮ್ಮ."

ತುಂಟಿ ಮುಲುಗಿದಳು. ಟೀಚರ್ ಕೈ ತಾನಾಗಿಯೇ ಅವಳನ್ನು ತಟ್ಟತೊಡಗಿತು, ಎದೆಬಡಿತಕ್ಕಿಂತ ತುಸು ನಿಧಾನವಾಗಿ. ಪರದೆ ಎಳೆದ ಮಬ್ಬಿನಲ್ಲಿ ಮಗು ಎದ್ದು ಅತ್ತ ಸರಿದದ್ದೂ, ಆ ಜಾಗಕ್ಕೆ ಸಾಹೇಬರ ತೋಳು ಜಾರಿದ್ದೂ ಅವಳಿಗೆ ತಿಳಿಯಲಿಲ್ಲ. ಎರಡನೆಯ ಮೆಟ್ಟಿಲಿಗೆ ಕಾಲಿಟ್ಟ ಸಾಹೇಬರು ಅಲ್ಲೇ ಗೊರಕೆ ಹೊಡೆದರು. ಅವಳು ಬೆಚ್ಚಿ ಕೈ ತೆಗೆದಳು. ಸಾಹೇಬರ ಮುಖ ಅಳುಮೋರೆಯಾಯಿತು. ಮತ್ತೆ ತಟ್ಟಿದಳು.

"ಮಿಸ್, ಅಂಕಲ್‌ಗೆ ಹೊದಿಸಲ್ವಾ?" ಎಂದಳು ತುಂಟಿ.

ಬಾತುಕೋಳಿಗಳ ಚಿತ್ರವಿದ್ದ ಹೊದಿಕೆ ಮೊಣಕಾಲಿನವರೆಗಷ್ಟೇ ಬಂತು.

ಮಕ್ಕಳು ಎದ್ದಾಗ ಸಾಹೇಬರೂ ಎದ್ದರು. ಇಂಥ ನಿದ್ದೆ ಕಂಡು ಎಷ್ಟು ಕಾಲವಾಯಿತೋ ಎಂದು ಮೈಮುರಿದರು. ಸಂಬಳದ ವಿಚಾರ ಮುಂದಿನ ವರ್ಷದ ಭೇಟಿಗಿರಲಿ, ಈಗ ಹೊತ್ತಾಯಿತು ಎಂದರು.

"ನೀವು ದುಡ್ಡಿಗೋಸ್ಕರ ಮಾಡೋರಲ್ಲ ಬಿಡಮ್ಮ. ಆ ಕೈಯಲ್ಲೇ ಗೊತ್ತಾಗುತ್ತೆ."

"ದುಡ್ಡಿಗೇ ಮಾಡೋದು ಸರ್. ನಾಳೆಯಿಂದ ಚಪ್ಪಲಿ ಅಂಗಡೀಲಿ."

ಒಳ್ಳೆ ತಮಾಷೆ ಎಂದು ಸಾಹೇಬರು ನಕ್ಕರು. ಅವಳು ಏಪ್ರನ್ ಬಿಚ್ಚಿ ಮಡಚಿ, ಬಾತುಕೋಳಿ ಹೊದಿಕೆಯ ಮೇಲಿಟ್ಟಳು. ಬರಿಗೈಯಲ್ಲಿ ಹಿಂದಿರುಗಬಾರದೆಂದು ಸಾಹೇಬರು ಗೋಡೆಯ ಉಷ್ಣಮಾಪಕವನ್ನು ಕನ್ನಡಕವೇರಿಸಿ ನೋಡಿದರು. ಅವರ ವರದಿಯಲ್ಲಿ ಅಳತೆಯೆಂಬುದು ಅದೊಂದೇ: ಕೋಣೆಯ ಉಷ್ಣತೆ 26.5 ಡಿಗ್ರಿ.