ನುಕುಗಾವಾದ ತಣ್ಣೀರಿನ ನಲ್ಲಿ

ಜಪಾನಿನ ನುಕುಗಾವಾ ಊರಿನಲ್ಲಿ, ಹೆಂಗಸರೆಲ್ಲ ಒಂದೇ ತೊಟ್ಟಿಯಲ್ಲಿ ಕೂತು ಮೀಯುವ ಬಿಸಿಬುಗ್ಗೆಯ ಸ್ನಾನದ ಮನೆಯಲ್ಲಿ ತಣ್ಣೀರಿನ ನಲ್ಲಿಯೊಂದಿದೆ. ಅದನ್ನು ತಿರುಗಿಸಬಹುದೇ ಎಂಬ ಪ್ರಶ್ನೆ ಸಾಮಾನ್ಯದ್ದಲ್ಲ. ಊರಿನ ಮೂರು ತಲೆಮಾರು ಅದನ್ನು ಕೂಲಂಕಷವಾಗಿ ಯೋಚಿಸಿ, ತಿರುಗಿಸಬಾರದು ಎಂಬ ತೀರ್ಮಾನಕ್ಕೆ ಬಂದಿದೆ. ಗೋಡೆಯ ಹಲಗೆಯ ಮೇಲೆ ಮಾತ್ರ 'ತಣ್ಣೀರು ಬಿಡುವ ಮುನ್ನ ಉಳಿದವರನ್ನು ಕೇಳಿ' ಎಂದು ಮರ್ಯಾದೆಯಾಗಿ ಬರೆದಿದೆ. ಕೇಳಿದವರುಂಟು, ಒಪ್ಪಿಗೆ ಸಿಕ್ಕಿದವರನ್ನು ಕಂಡವರಿಲ್ಲ. ಬೆಟ್ಟದ ಹೊಟ್ಟೆಯಿಂದ ಬರುವ ನೀರು ತೊಟ್ಟಿಯಲ್ಲಿ ನಲವತ್ತಾರು ಡಿಗ್ರಿ ಇರುತ್ತದೆ. ಅದನ್ನು ತಣಿಸುವುದೆಂದರೆ ದೇವರು ಬಡಿಸಿದ ಸಾರಿಗೆ ನೀರು ಬೆರೆಸಿದ ಹಾಗೆ ಎಂಬುದು ತೊಮೆ ಅಜ್ಜಿಯ ಮತ. ಅಜ್ಜಿಗೆ ಎಂಬತ್ತನಾಲ್ಕು. ಆ ನಾಲ್ಕು ಗೋಡೆಗಳೊಳಗೆ ಆಕೆಯ ಮತವೇ ಕಾನೂನು.

ನೊಬುಕೊ ಇದನ್ನೆಲ್ಲ ಬಲ್ಲವಳು. ಗಂಡ ಮೊರಿಯೊನ ಜೊತೆ ಇಪ್ಪತ್ತೆರಡು ವರ್ಷ, ಎಲೆ ಕೆಂಪಾಗುವ ಹೊತ್ತಿಗೆ ಸೆಂದಾಯ್ ನಗರದಿಂದ ಬಂದು ಒಂದು ವಾರ ಇದ್ದು ಹೋಗುತ್ತಿದ್ದಳು. ಆಮೇಲೆ ಎರಡು ವರ್ಷ ತಪ್ಪಿತು. ವೈದ್ಯರು ಆಕೆಯ ಎಡ ಸ್ತನವನ್ನು ತೆಗೆದಿದ್ದರು. ರೋಗ ಹೋಯಿತು, ಅಂಜಿಕೆ ಉಳಿಯಿತು. ಮನೆಯಲ್ಲೂ ಚಿಲಕ ಹಾಕಿಕೊಂಡೇ ಮೀಯುವಳು. ಎದೆಯ ಮೇಲಿನ ಗೆರೆಯ ಬಗ್ಗೆ ಆಕೆಗೆ ಅಷ್ಟು ಭಯವಿರಲಿಲ್ಲ. ಅದನ್ನು ಕಂಡವರ ಮುಖದಲ್ಲಿ ಮೂಡಬಹುದಾದ 'ಅಯ್ಯೋ ಪಾಪ'ದ ಬಗ್ಗೆ ಇತ್ತು.

"ಈ ಸಲ ಹೋಟೆಲಲ್ಲಿ ಒಳಗೇ ತೊಟ್ಟಿ ಇರೋ ಕೋಣೆ ಹೇಳಿದೀನಿ," ಎಂದಿದ್ದ ಮೊರಿಯೊ, ಹೊರಡುವ ಹಿಂದಿನ ದಿನ. "ಯಾರ ಕಾಟಾನೂ ಇಲ್ಲ."

"ಒಬ್ಬಳೇ ತೊಟ್ಟೀಲಿ ಕೂರೋಕೆ ಅಷ್ಟು ದೂರ ಹೋಗ್ಬೇಕೇನ್ರೀ?"

"ಅಣಬೆ ತಿನ್ನೋಕೆ ಹೋಗ್ತಿದೀವಿ ಅನ್ಕೋ."

ಮೂರು ದಿನ ಅಣಬೆ ತಿಂದದ್ದಾಯಿತು. ಕೋಣೆಯ ತೊಟ್ಟಿಯೂ ಚೆನ್ನಾಗಿಯೇ ಇತ್ತು; ಶವಪೆಟ್ಟಿಗೆಗಿಂತ ಒಂದು ಗೇಣು ಅಗಲ. ಸಂಜೆಯಾದರೆ ಕೆಳಗಿನ ಸ್ನಾನದ ಮನೆಯ ಮಾಡಿನಿಂದ ಆವಿ ಏಳುತ್ತಿತ್ತು, ಆವಿಯ ಜೊತೆ ಹೆಂಗಸರ ನಗು. ಎರಡನ್ನೂ ನೊಬುಕೊ ಕಿಟಕಿಯಲ್ಲಿ ನಿಂತು ನೋಡುವಳು.

ನಾಲ್ಕನೆಯ ದಿನ ಒಂದು ಉಪಾಯ ಹೊಳೆಯಿತು. ಇದು ಕಾಕಿ ಎಂಬ ಒಗರು ಹಣ್ಣಿನ ಕಾಲ. ಮಧ್ಯಾಹ್ನ ಊರ ಹೆಂಗಸರೆಲ್ಲ ಹಣ್ಣಿನ ಸಿಪ್ಪೆ ಹೆರೆದು, ದಾರಕ್ಕೆ ಕಟ್ಟಿ, ಒಣಗಿ ಸಿಹಿಯಾಗಲೆಂದು ಸೂರಿಗೆ ತೂಗುಹಾಕುತ್ತಿರುತ್ತಾರೆ. ಎರಡು ಗಂಟೆಗೆ ಸ್ನಾನದ ಮನೆ ಖಾಲಿ.

"ಕೆಳಗೆ ಹೋಗಿ ಬರ್ತೀನಿ," ಎಂದಳು.

"ನಾನೂ ಗಂಡಸರ ಕಡೆ ಇರ್ತೀನಿ," ಎಂದು ಮೊರಿಯೊ ತನ್ನ ಟವಲು ಎತ್ತಿಕೊಂಡ.

ಒಳಗೆ ನಿಜವಾಗಿಯೂ ಯಾರೂ ಇರಲಿಲ್ಲ. ನೊಬುಕೊ ಮೈ ತೊಳೆದು, ಎದೆಗೆ ಟವಲು ಒತ್ತಿ ಹಿಡಿದು, ತೊಟ್ಟಿಗೆ ಒಂದು ಕಾಲಿಟ್ಟಳು. ಇಟ್ಟಷ್ಟೇ ಬೇಗ ತೆಗೆದಳು. ಎರಡು ವರ್ಷದ ಉಗುರುಬೆಚ್ಚಗಿನ ನೀರು ಚರ್ಮವನ್ನು ಕೆಡಿಸಿಬಿಟ್ಟಿತ್ತು. ನಲ್ಲಿಯನ್ನು ನೋಡಿದಳು. ಉಳಿದವರನ್ನು ಕೇಳಬೇಕು, ಸರಿ, ಉಳಿದವರೇ ಇಲ್ಲವಲ್ಲ. ಬಳಕೆಯಿಲ್ಲದ ನಲ್ಲಿ ಬಿಗಿದುಕೊಂಡಿತ್ತು. ಎರಡೂ ಕೈ ಹಾಕಿ ತಿರುಗಿಸಿದಳು. ಟವಲು ಕೆಳಗೆ ಬಿತ್ತು, ನೀರು ಬುಸ್ಸೆಂದಿತು, ಬಾಗಿಲು ಸರಿಯಿತು.

"ಯಾವಳೇ ಅದು ನಲ್ಲಿಗೆ ಕೈ ಹಾಕಿರೋಳು!"

ತೊಮೆ ಅಜ್ಜಿ. ಹಣ್ಣಿನ ಅಂಟು ತೊಳೆಯಲು ಬಂದಿದ್ದಳು. ಒಗರಿಗೆ ಕೈಗಳೆರಡೂ ಕಪ್ಪಾಗಿದ್ದವು. ಅದೇ ಕೈಯಿಂದ ನಲ್ಲಿಯನ್ನು ಒಂದೇ ಏಟಿಗೆ ಮುಚ್ಚಿದಳು. ತೊಟ್ಟಿಗೆ ಮೊಣಕೈ ಅದ್ದಿ ನೋಡಿ, ಹೆಣ ಕಂಡವಳಂತೆ ತಲೆಯಾಡಿಸಿದಳು.

"ಕೆಡಿಸ್ಬಿಟ್ಯಲ್ಲೇ! ಇನ್ನಿದು ಸಂಜೆ ತನಕ ಕಾಯಬೇಕು." ಆಮೇಲೆ ಮುಖ ನೋಡಿದಳು. "ಸೆಂದಾಯ್‌ನವಳಲ್ವಾ ನೀನು? ಎರಡು ವರ್ಷ ಎಲ್ಲಿ ಹಾಳಾಗಿ ಹೋಗಿದ್ದೆ?"

ಟವಲು ಎತ್ತಿಕೊಳ್ಳಲು ಹೊತ್ತು ಮೀರಿತ್ತು. "ಆಪರೇಷನ್ ಆಯ್ತಜ್ಜಿ," ಎಂದಳು ನೊಬುಕೊ.

ಅಜ್ಜಿ ಆಕೆಯ ಎದೆಯನ್ನು ಸಂತೆಯ ಮೂಲಂಗಿ ನೋಡುವ ಹಾಗೆ ನೋಡಿದಳು.

"ಅದು ಕಾಣ್ತಾ ಇದೆ. ಅದಕ್ಕೂ ನಲ್ಲಿಗೂ ಏನು ಸಂಬಂಧ?"

ಎರಡು ವರ್ಷದಿಂದ ನೊಬುಕೊ ಬಗೆಬಗೆಯ ಪ್ರಶ್ನೆಗಳಿಗೆ ಉತ್ತರ ಕಟ್ಟಿಟ್ಟುಕೊಂಡಿದ್ದಳು. ಇದಕ್ಕೆ ಇರಲಿಲ್ಲ.

"ಒಂದು ಹೋಯ್ತು ಅಂತ ಊರ ನೀರು ಕೆಡಿಸ್ತಾರಾ? ನಂಗೆ ಎರಡೂ ಇವೆ, ಎಲ್ಲಿವೆ ಅಂತ ಹುಡುಕ್ಬೇಕು ಅಷ್ಟೆ. ನಾನೇನು ನಲ್ಲಿ ಬಿಟ್ನಾ? ತಿರುಗು ಆ ಕಡೆ, ಬೆನ್ನು ಉಜ್ತೀನಿ."

ನೊಬುಕೊ ತಿರುಗಿ ಕುಳಿತಳು. ಅಜ್ಜಿ ಪಾತ್ರೆ ತಿಕ್ಕುವ ಹಾಗೆ ತಿಕ್ಕಿದಳು. ಎರಡು ವರ್ಷದಿಂದ ವೈದ್ಯರಲ್ಲದ ಬೇರೊಬ್ಬರ ಕೈ ಆ ಬೆನ್ನನ್ನು ಮುಟ್ಟಿರಲಿಲ್ಲ. ನೊಬುಕೊಳ ಭುಜ ಅಲುಗತೊಡಗಿತು.

"ಅಳ್ತಿದ್ಯಾ? ನೀರು ಬಿಸಿ ಅಂತಾನಾ?"

"ಹೂಂ."

"ಅತ್ರೂ ಬಿಡಲ್ಲ ನಲ್ಲಿ."

ಆಮೇಲೆ ಇಬ್ಬರೂ ತೊಟ್ಟಿಗಿಳಿದರು. ಕೆಡಿಸಿದ ನೀರೂ ಕಮ್ಮಿ ಬಿಸಿಯಾಗಿರಲಿಲ್ಲ. ಕುತ್ತಿಗೆಯವರೆಗೆ ಮುಳುಗಿ, ಹಲ್ಲು ಕಚ್ಚಿ, ಬೆಂದ ಏಡಿಯ ಬಣ್ಣಕ್ಕೆ ತಿರುಗುವವರೆಗೆ ನೊಬುಕೊ ಕುಳಿತಳು. ಏಳುವಾಗ ತಲೆಬಾಗಿ ಕೈಮುಗಿದಳು.

"ತುಂಬಾ ಉಪಕಾರ ಆಯ್ತಜ್ಜಿ."

"ಯಾತಕ್ಕೆ? ಬೈದಿದ್ದಕ್ಕಾ?"

"ಹೂಂ, ಬೈದಿದ್ದಕ್ಕೇ."

"ಸೆಂದಾಯ್‌ನಲ್ಲಿ ಬೈಯೋರೂ ಇಲ್ವಾ ನಿಂಗೆ?" ಅಜ್ಜಿಯ ಮುಖ ಮೊದಲ ಸಲ ಮೆತ್ತಗಾಯಿತು. "ಅಯ್ಯೋ ಪಾಪ."

ಹೊರಗಿನ ಬೆಂಚಿನ ಮೇಲೆ ಮೊರಿಯೊ ಒದ್ದೆ ತಲೆಯಲ್ಲಿ ಕಾಯುತ್ತಿದ್ದ. ಗಂಡಸರಿಗೂ ಹೆಂಗಸರಿಗೂ ನಡುವೆ ಇರುವುದು ಮಾಡಿಗೆ ತಾಗದ ಒಂದು ಹಲಗೆ ಗೋಡೆ, ಎಲ್ಲವೂ ಕೇಳಿಸಿತ್ತು.

"ತುಂಬಾ ಬೈದ್ರಾ?"

"ತುಂಬಾ ಬೈದ್ರು ಕಣ್ರೀ," ಎಂದಳು ನೊಬುಕೊ, ಬಹುಮಾನ ಬಂದವಳಂತೆ. ಸ್ವಲ್ಪ ದೂರ ನಡೆದ ಮೇಲೆ, "ಆ ಪೆಟ್ಟಿಗೆ ಕೋಣೆ ಬಿಟ್ಟು ನಮ್ಮ ಹಳೇ ಕೋಣೆ ಕೇಳೋಣ. ನನ್ನ ಬೆನ್ನು ಉಜ್ಜೋಕೆ ನಿಮಗೆ ಬರುತ್ತಾ?" ಎಂದಳು.

"ಬೈದು ಉಜ್ಬೇಕಾ, ಸುಮ್ನೆ ಉಜ್ಬೇಕಾ?" ಎಂದ ಮೊರಿಯೊ. ತಲೆ ಒದ್ದೆಯಿದ್ದರೂ ಮುಖವನ್ನಷ್ಟೇ ಟವಲಿನಿಂದ ಒರೆಸಿಕೊಂಡ. ಆಕೆ ಅತ್ತ ನೋಡದೆ, ಸೂರುಗಳಲ್ಲಿ ಸಾಲಾಗಿ ತೂಗುತ್ತಿದ್ದ ಹಣ್ಣುಗಳನ್ನು ನೋಡಿದಳು.

ಮರುದಿನ ಐದು ಗಂಟೆಗೆ, ಸ್ನಾನದ ಮನೆ ಕಿಕ್ಕಿರಿದಿದ್ದಾಗ, ನೊಬುಕೊ ಟವಲನ್ನು ಊರ ಹೆಂಗಸರ ಹಾಗೆ ಮಡಿಸಿ ತಲೆಯ ಮೇಲಿಟ್ಟುಕೊಂಡು ತೊಟ್ಟಿಯಲ್ಲಿ ಕುಳಿತಿದ್ದಳು. ತೋಕಿಯೊದಿಂದ ಬಂದ ಹೆಂಗಸೊಬ್ಬಳು ಕಾಲು ಅದ್ದಿ, ಕಿರುಚಿ, ಹಲಗೆಯನ್ನು ಓದಿ, ನಲ್ಲಿಯ ಪಕ್ಕದಲ್ಲಿದ್ದವಳನ್ನೇ ಕೇಳಿದಳು: "ಸ್ವಲ್ಪ ತಣ್ಣೀರು ಬಿಡಬಹುದಾ?" ನಲ್ಲಿಯ ಪಕ್ಕದಲ್ಲಿದ್ದವಳು ನೊಬುಕೊ. ತೊಮೆ ಅಜ್ಜಿ ಕಣ್ಣು ಮುಚ್ಚಿಕೊಂಡು ಕಿವಿ ತೆರೆದುಕೊಂಡಿದ್ದಳು.

"ಆಗಲ್ಲಮ್ಮ," ಎಂದಳು ನೊಬುಕೊ.

ನೀರು ನಲವತ್ತಾರು ಡಿಗ್ರಿಯಲ್ಲೇ ಉಳಿಯಿತು.