ಹಸಿರು ಚೀಟಿಗಳು

ಶಾಲೆಯ ವೇಳಾಪಟ್ಟಿ ಹಾಕುವುದೆಂದರೆ ಡ್ರಾಯಿಂಗ್ ಮೇಷ್ಟ್ರೇ ಹಾಕಬೇಕು. ಹತ್ತೊಂಬತ್ತು ವರ್ಷ ಪಳಗಿದ ಕೈ. ದೊಡ್ಡ ರಟ್ಟು, ಅದರ ಚೌಕಗಳಲ್ಲಿ ಗುಂಡುಸೂಜಿಯಿಂದ ಚುಚ್ಚಿದ ಬಣ್ಣದ ಚೀಟಿ. ಹನ್ನೆರಡು ಜನ ಶಿಕ್ಷಕರಿಗೆ ಹನ್ನೆರಡು ಬಣ್ಣ. ಹಸಿರು ಡ್ರಾಯಿಂಗ್ ಮೇಷ್ಟ್ರದೇ. “ಪಾಠ ಮುಗಿದಿಲ್ಲ ಮೇಷ್ಟ್ರೇ” ಎಂದು ಯಾರು ಬಂದರೂ “ತಗೊಳ್ಳಿ” ಎಂದು ಒಂದು ಹಸಿರು ಕಿತ್ತು ಜಾಗ ಕೊಟ್ಟು ಅವರಿಗೆ ಅಭ್ಯಾಸ.

ಈ ಸಲ ಸರ್ಕಾರ ಅನುದಾನ ಕತ್ತರಿಸಿತ್ತು. ಸಂಬಳ ಹನ್ನೊಂದು ಜನಕ್ಕೆ ಮಾತ್ರ.

“ಒಬ್ರು ಹೋದ್ರೂ ಶಾಲೆ ನಡೆಯಲ್ಲ ಅಂತ ತಪಾಸಣೆಗೆ ಬರೋ ಸಾಹೇಬರಿಗೆ ಕಣ್ಣಾರೆ ತೋರಿಸ್ಬೇಕು,” ಎಂದರು ಹೆಡ್‌ಮೇಡಂ. “ಹನ್ನೊಂದು ಬಣ್ಣದಲ್ಲೇ ಪಟ್ಟಿ ತುಂಬಿದ್ರೆ, ಅದ್ರಲ್ಲಿ ಯಾರ ಬಣ್ಣ ಇಲ್ವೋ ಅವರು ಮನೆಗೆ. ಒಬ್ರ ಚೀಟಿ ತೆಗೀರಿ, ಆ ಖಾಲಿ ಚೌಕ ಖಾಲಿನೇ ಇರ್ಲಿ. ನಿಮ್ಮ ಜಾಣತನ ಒಂದಿನ ಮನೇಲಿಟ್ಟು ಬನ್ನಿ.”

ಮೇಷ್ಟ್ರು ಹಾಗೇ ಮಾಡಿದರು. ಎಲ್ಲರಿಗಿಂತ ಕಿರಿಯವರು ವಿಜ್ಞಾನದ ಟೀಚರ್. ಆಕೆಯ ಹಳದಿ ಚೀಟಿಗಳನ್ನು ತೆಗೆದರು. ರಟ್ಟು ಹಲ್ಲುದುರಿದ ಬಾಯಿಯಂತಾಯಿತು.

ಸಾಹೇಬ ಬಂದ, ನೋಡಿದ, ನಕ್ಕ. “ಪಕ್ಕದ ಶಾಲೇಲಿ ಹನ್ನೊಂದು ಜನರಲ್ಲೇ ಎಲ್ಲಾ ಪಾಠ ಕೂರಿಸಿದಾರಲ್ರೀ! ಕುಣಿಯೋಕೆ ಬರದವರಿಗೆ ನೆಲ ಡೊಂಕು.”

ಮೇಷ್ಟ್ರಿಗೆ ಸಿಟ್ಟು ಮೂಗಿನ ತುದಿಯಲ್ಲೇ. “ಯಾರಿಗ್ರೀ ಬರಲ್ಲ?”

ಹೆಡ್‌ಮೇಡಂ ಕೆಮ್ಮಿದರು. ಇನ್ನೊಮ್ಮೆ ಜೋರಾಗಿ ಕೆಮ್ಮಿದರು. ಮೇಷ್ಟ್ರಿಗೆ ಕೇಳುವ ಕಿವಿ ಎಲ್ಲಿತ್ತು? ವಿಜ್ಞಾನ ಬಿಡಲಾದೀತೇ ಎಂದು ಹಳದಿಯನ್ನು ಮತ್ತೆ ಚುಚ್ಚಿದರು. ಗಣಿತಕ್ಕೆ ಎರಡು ಪೀರಿಯಡ್ ಹೆಚ್ಚು, ಭಾಷೆಗೆ ಎರಡು, ಪಿ.ಟಿ. ಮೇಷ್ಟ್ರಿಗೂ ಎರಡು. ಜಾಗ ಬೇಕಾದಾಗಲೆಲ್ಲ ಬೆರಳು ತಾನಾಗಿ ಒಂದು ಚೀಟಿ ಕಿತ್ತು ಜೇಬಿಗೆ ಹಾಕುತ್ತಿತ್ತು. ಕಾಲು ಗಂಟೆಯಲ್ಲಿ ರಟ್ಟು ತುಂಬಿತು.

“ತಗೊಳ್ಳಿ, ಹನ್ನೊಂದು ಬಣ್ಣ! ಎಲ್ಲಿದೆ ಡೊಂಕು, ತೋರಿಸಿ!”

ಸಾಹೇಬ ಮೊಬೈಲಿನಲ್ಲಿ ಫೋಟೊ ಹೊಡೆದುಕೊಂಡ. “ಭೇಷ್! ಇದನ್ನೇ ಮೇಲಕ್ಕೆ ಕಳಿಸ್ತೀನಿ.” ಬ್ಯಾಗು ಎತ್ತಿಕೊಂಡು ಹೊರಟೇಹೋದ.

ಹೆಡ್‌ಮೇಡಂ ಕುರ್ಚಿಯಲ್ಲಿ ಕುಸಿದರು. “ಏನ್ ಮಾಡ್ಬಿಟ್ರಿ ಮೇಷ್ಟ್ರೇ… ರಟ್ಟು ನೋಡಿ.”

ನೋಡಿದರು. ಕೆಂಪಿತ್ತು, ನೀಲಿಯಿತ್ತು, ಹಳದಿಯಿತ್ತು. ಮೇಲಿಂದ ಕೆಳಗೆ ಮತ್ತೊಮ್ಮೆ ನೋಡಿದರು. ಕೈ ಜೇಬಿಗೆ ಹೋಯಿತು. ಗುಂಡುಸೂಜಿ ಬೆರಳಿಗೆ ಚುಚ್ಚಿತು. ಮುಷ್ಟಿ ತುಂಬ ಹಸಿರು.

ಗಂಟೆ ಹೊಡೆಯಿತು. ಗಣಿತದ ಟೀಚರ್ ಬಾಗಿಲಲ್ಲಿ ಇಣುಕಿದರು. “ಮೇಷ್ಟ್ರೇ, ಲೆಕ್ಕ ಒಂದು ಅರ್ಧಕ್ಕೆ ನಿಂತಿದೆ. ಈ ಪೀರಿಯಡ್ ನಂಗೆ ಕೊಡ್ತೀರಾ?”

ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಅವರ ಬಾಯಿಂದ “ತಗೊಳ್ಳಿ” ಹೊರಡಲಿಲ್ಲ.